ಮಿನಿ ಟ್ರ್ಯಾಕ್ಟರ್: ಲೋ ಯಾವ ಕೆಲಸಕ್ಕೆ, ಹೈ ಯಾವ ಕೆಲಸಕ್ಕೆ

ಅಡಿಕೆ ತೋಟ, ದ್ರಾಕ್ಷಿ ಸಾಲು, ಕಬ್ಬಿನ ಎಡೆ ಎಲ್ಲಕ್ಕೂ ಈಗ 18ರಿಂದ 28 ಎಚ್‌ಪಿಯ ಮಿನಿ ಟ್ರ್ಯಾಕ್ಟರುಗಳೇ ಓಡಾಡುತ್ತಿವೆ. ಇವುಗಳಲ್ಲಿ ಗೇರ್ ಲಿವರ್ ಎರಡು. ಒಂದರಲ್ಲಿ 1, 2, 3, 4 ಮತ್ತು ರಿವರ್ಸ್. ಇನ್ನೊಂದು ರೇಂಜ್ ಆರಿಸುವ ಹೈ–ಲೋ ಲಿವರ್. ಕೆಲವು ಮಾದರಿಗಳಲ್ಲಿ ನಡುವೆ ಮೀಡಿಯಂ ಕೂಡ ಇರುತ್ತದೆ. ನಾಲ್ಕು ಗೇರಿಗೆ ಎರಡು ರೇಂಜ್ ಇದ್ದರೆ ಮುಂದಕ್ಕೆ ಎಂಟು ವೇಗ ಸಿಗುತ್ತವೆ. ಕುಬೋಟಾ ನಿಯೋಸ್ಟಾರ್ ಬಿ2441ರಂತೆ ಮೂರು ಗೇರಿಗೆ ಮೂರು ರೇಂಜ್ ಇದ್ದರೆ ಒಂಬತ್ತು.

ಲೋ ಅಂದರೆ ಬಲ, ಹೈ ಅಂದರೆ ವೇಗ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ಲೋನಲ್ಲಿ ಚಕ್ರಕ್ಕೆ ಹೋಗುವ ತಿರುಚುಬಲ ಹೆಚ್ಚುವುದೇನೋ ಸರಿ, ಆದರೆ ಅದನ್ನು ನೆಲ ಹಿಡಿದುಕೊಳ್ಳಬೇಕಲ್ಲ? 900 ಕೆಜಿ ತೂಕದ ಟ್ರ್ಯಾಕ್ಟರು ಸಡಿಲ ಮಣ್ಣಿನಲ್ಲಿ ಸುಮಾರು 400 ಕೆಜಿ ಬಲದಷ್ಟು ಎಳೆದರೆ ಅದೇ ದೊಡ್ಡದು. ಆ 400 ಕೆಜಿ ಬಲವನ್ನು ಗಂಟೆಗೆ 2 ಕಿ.ಮೀ. ವೇಗದಲ್ಲಿ ಎಳೆದರೆ ಬಳಕೆಯಾಗುವುದು ಸುಮಾರು 3 ಎಚ್‌ಪಿ ಮಾತ್ರ. 5 ಕಿ.ಮೀ. ವೇಗದಲ್ಲಿ ಎಳೆದರೆ ಏಳೂವರೆ ಎಚ್‌ಪಿ ಬಳಕೆಯಾಗುತ್ತದೆ. ಅಂದರೆ ಲೋ 1ರಲ್ಲಿ ಭಾರದ ನೇಗಿಲು ಕಟ್ಟಿ ರೇಸ್ ಕೊಟ್ಟರೆ ಎಂಜಿನ್ನಿನ ಶಕ್ತಿ ನೇಗಿಲಿಗೆ ಹೋಗುವುದಿಲ್ಲ. ಟೈರು ನಿಂತಲ್ಲೇ ತಿರುಗಿ ಗುಂಡಿ ತೋಡುತ್ತದೆ, ಅಷ್ಟೆ.

ಆದ್ದರಿಂದ ಗೇರು ಹಾಕುವ ಮುಂಚೆ ಈ ಕೆಲಸದಲ್ಲಿ ವೇಗವನ್ನು ನಿರ್ಧರಿಸುವುದು ಯಾವುದು ಎಂದು ನೋಡಿಕೊಳ್ಳಿ. ರೋಟವೇಟರ್, ಸ್ಪ್ರೇಯರ್‌ನಂಥ ಪಿಟಿಒ (ಎಂಜಿನ್ನಿನ ಬಲದಿಂದ ಉಪಕರಣವನ್ನು ತಿರುಗಿಸುವ ಹಿಂಬದಿಯ ಶಾಫ್ಟು) ಕೆಲಸದಲ್ಲಿ ಉಪಕರಣ ನಿರ್ಧರಿಸುತ್ತದೆ. ಕಲ್ಟಿವೇಟರ್, ನೇಗಿಲು, ಕುಂಟೆಯಂಥ ಎಳೆಯುವ ಕೆಲಸದಲ್ಲಿ ಮಣ್ಣು ನಿರ್ಧರಿಸುತ್ತದೆ. ರಸ್ತೆ ಮತ್ತು ಇಳಿಜಾರಿನಲ್ಲಿ ಬ್ರೇಕು ನಿರ್ಧರಿಸುತ್ತದೆ. ಮೂರಕ್ಕೂ ಲೆಕ್ಕ ಬೇರೆ ಬೇರೆ.

ನಿಮ್ಮ ಟ್ರ್ಯಾಕ್ಟರಿನ ವೇಗ ಅಳೆದುಕೊಳ್ಳಿ

ಕೈಪಿಡಿಯಲ್ಲಿರುವ ವೇಗದ ಪಟ್ಟಿ ಎಂಜಿನ್ನಿನ ಪೂರ್ಣ ರೇಟೆಡ್ ಆರ್‌ಪಿಎಂಗೆ (ನಿಮಿಷಕ್ಕೆ ತಿರುಗುವ ಸುತ್ತುಗಳಿಗೆ) ಕೊಟ್ಟದ್ದು. ನೀವು ಕೆಲಸ ಮಾಡುವ ಆರ್‌ಪಿಎಂ ಕಡಿಮೆಯಿದ್ದರೆ ವೇಗವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಪಟ್ಟಿಯಲ್ಲಿ 2700 ಆರ್‌ಪಿಎಂಗೆ 3.6 ಕಿ.ಮೀ. ಎಂದಿದ್ದರೆ, 2400ರಲ್ಲಿ ಸಿಗುವುದು 3.2 ಕಿ.ಮೀ. ಟೈರಿನ ಅಳತೆ ಬದಲಾಗಿದ್ದರೆ ಅದೂ ಸರಿಹೋಗುವುದಿಲ್ಲ. ಅದಕ್ಕೇ ಒಮ್ಮೆ ಹೊಲದಲ್ಲೇ ಅಳೆದುಬಿಡುವುದು ಒಳ್ಳೆಯದು.

20 ಮೀಟರ್ ದೂರದಲ್ಲಿ ಎರಡು ಗೂಟ ನೆಡಿ. ಮೊದಲ ಗೂಟಕ್ಕೆ ಐದಾರು ಮೀಟರ್ ಹಿಂದಿನಿಂದಲೇ ಹೊರಟು, ವೇಗ ನೆಲೆಗೊಂಡ ಮೇಲೆ ಗೂಟದಿಂದ ಗೂಟಕ್ಕೆ ಎಷ್ಟು ಸೆಕೆಂಡ್ ಎಂದು ಮೊಬೈಲಿನಲ್ಲಿ ನೋಡಿ. 72ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂದು ಬರುತ್ತದೆ. 36 ಸೆಕೆಂಡಿಗೆ 2 ಕಿ.ಮೀ., 24ಕ್ಕೆ 3, 18ಕ್ಕೆ 4, ಹದಿನಾಲ್ಕೂವರೆಗೆ ಹತ್ತಿರಹತ್ತಿರ 5. ಲೋ 1ರಿಂದ ಹೈ 2ರವರೆಗೆ ಅಳೆದು ಮಡ್‌ಗಾರ್ಡಿನ ಒಳಬದಿಗೆ ಪೇಂಟಿನಲ್ಲಿ ಬರೆದಿಟ್ಟರೆ ಡ್ರೈವರ್ ಬದಲಾದರೂ ಲೆಕ್ಕ ಉಳಿಯುತ್ತದೆ.

ಅಳೆಯುವಾಗ ಒಂದು ವಿಷಯ ಗಮನಿಸಿ. ಹಲವು ಟ್ರ್ಯಾಕ್ಟರುಗಳಲ್ಲಿ ಲೋ ರೇಂಜಿನ ಕೊನೆಯ ಗೇರು ಮತ್ತು ಹೈ ರೇಂಜಿನ ಮೊದಲ ಗೇರು ಒಂದಕ್ಕೊಂದು ಬಹಳ ಹತ್ತಿರ ಇರುತ್ತವೆ. ಎರಡರಲ್ಲೂ ಕೆಲಸ ನಡೆಯುವುದಾದರೆ, ಪಕ್ಕದ ಯಾವ ಗೇರು ಬೇಕಾಗಬಹುದು ಎಂಬುದರ ಮೇಲೆ ಆರಿಸಿ. ಮಣ್ಣು ಗಟ್ಟಿಯಾದಾಗ ಒಂದು ಗೇರು ಕೆಳಗಿಳಿಸಬೇಕಾದೀತು ಎನ್ನಿಸಿದರೆ ಲೋನಲ್ಲೇ ಇರಿ.

ರೋಟವೇಟರ್

ರೋಟವೇಟರಿಗೆ ಪಿಟಿಒ 540 ಆರ್‌ಪಿಎಂನಲ್ಲಿ ತಿರುಗಬೇಕು. ಮೀಟರಿನಲ್ಲಿ ಅದಕ್ಕೆ ಗುರುತು ಇರುತ್ತದೆ. ಹ್ಯಾಂಡ್ ಎಕ್ಸಲರೇಟರನ್ನು ಅಲ್ಲಿಗೆ ತಂದು ಬಿಟ್ಟುಬಿಡಿ. ಇನ್ನು ಮುಂದೆ ನಿಧಾನ ಬೇಕಿದ್ದರೂ ಜೋರು ಬೇಕಿದ್ದರೂ ಗೇರಿನಲ್ಲೇ ಆಗಬೇಕು, ಎಕ್ಸಲರೇಟರಿನಲ್ಲಿ ಅಲ್ಲ. ನಿಧಾನ ಹೋಗಲೆಂದು ರೇಸ್ ಇಳಿಸಿದರೆ ಬ್ಲೇಡಿನ ವೇಗವೂ ಇಳಿಯುತ್ತದೆ, ಎಂಜಿನ್ನಿಗೆ ಇರುವ ಬಲವೂ ಇಳಿಯುತ್ತದೆ, ಮಣ್ಣು ಹೆಂಟೆಹೆಂಟೆಯಾಗಿ ಏಳುತ್ತದೆ.

ಗೇರು ಬದಲಾದರೆ ಮಣ್ಣು ಯಾಕೆ ಬದಲಾಗುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ರೋಟರ್ ನಿಮಿಷಕ್ಕೆ 210 ಸುತ್ತು ತಿರುಗುತ್ತಿದೆ, ಬ್ಲೇಡು ಕೂರಿಸುವ ಪ್ರತಿ ಫ್ಲ್ಯಾಂಜಿನಲ್ಲಿ (ದುಂಡು ತಟ್ಟೆಯಲ್ಲಿ) ಎಡಕ್ಕೆ ಮೂರು ಬಲಕ್ಕೆ ಮೂರು ಬ್ಲೇಡ್ ಇವೆ ಎಂದುಕೊಳ್ಳಿ. 3 ಕಿ.ಮೀ. ವೇಗದಲ್ಲಿ ಒಂದೊಂದು ಬ್ಲೇಡು ಸುಮಾರು 8 ಸೆಂ.ಮೀ. ದಪ್ಪದ ಮಣ್ಣು ಕಡಿಯುತ್ತದೆ. 2 ಕಿ.ಮೀ.ಗೆ ಇಳಿಸಿದರೆ 5 ಸೆಂ.ಮೀ. ಚಿಲ್ಲರೆ, 4ಕ್ಕೆ ಏರಿಸಿದರೆ ಹತ್ತೂವರೆ ಸೆಂ.ಮೀ. ಬ್ಲೇಡಿನ ಸಂಖ್ಯೆ ಕಡಿಮೆಯಿರುವ ಸಣ್ಣ ರೋಟವೇಟರಿನಲ್ಲಿ ಈ ತುಂಡು ಇನ್ನೂ ದೊಡ್ಡದಾಗುತ್ತದೆ, ಆದ್ದರಿಂದ ಅದಕ್ಕೆ ಇನ್ನಷ್ಟು ನಿಧಾನ ಬೇಕು.

ಮೊದಲ ಸಲ ಗಟ್ಟಿ ನೆಲ ಒಡೆಯುವಾಗ 2ರಿಂದ 2.5 ಕಿ.ಮೀ., ಒಮ್ಮೆ ಕಲ್ಟಿವೇಟರ್ ಹೊಡೆದ ನೆಲಕ್ಕೆ 3ರಿಂದ 3.5 ಕಿ.ಮೀ. ಸಾಕು. ಹೆಚ್ಚಿನ ಮಿನಿ ಟ್ರ್ಯಾಕ್ಟರುಗಳಲ್ಲಿ ಇದು ಲೋ 2, ಲೋ 3ರ ಆಸುಪಾಸು ಬರುತ್ತದೆ. ಒಂದು ಮೀಟರ್ ಅಗಲದ ರೋಟವೇಟರು 3 ಕಿ.ಮೀ. ವೇಗದಲ್ಲಿ, ತಿರುವು ಮತ್ತು ಸಾಲಿನ ಮೇಲೆ ಸಾಲು ಬೀಳುವುದನ್ನು ಕಳೆದರೆ, ಗಂಟೆಗೆ ಅರ್ಧ ಎಕರೆಗಿಂತ ಸ್ವಲ್ಪ ಹೆಚ್ಚು ಮುಗಿಸುತ್ತದೆ. ಯಾರಾದರೂ ಗಂಟೆಗೆ ಒಂದು ಎಕರೆ ಮುಗಿಸುತ್ತೇನೆ ಎಂದರೆ ಮಣ್ಣು ಕಡಿಯುತ್ತಿಲ್ಲ, ಬರೀ ಕೆದರುತ್ತಿದೆ ಎಂದೇ ಅರ್ಥ.

ಹಾಗೆಂದು ಸದಾ ಲೋ 1ರಲ್ಲೇ ಹೊಡೆಯುವುದೂ ತಪ್ಪು. ಮಸಾರಿ ಮಣ್ಣನ್ನು ಹಿಟ್ಟು ಮಾಡಿದರೆ ಮೊದಲ ಮಳೆಗೇ ಮೇಲ್ಮೈ ಬಿಗಿದು ಹೆಪ್ಪುಗಟ್ಟುತ್ತದೆ, ಮೊಳಕೆ ಮೇಲೆ ಬರಲು ಒದ್ದಾಡುತ್ತದೆ. ಎಕರೆಗೆ ಡೀಸೆಲ್ಲೂ ಹೆಚ್ಚು ಸುಡುತ್ತದೆ. ಗೋಲಿ ಗಾತ್ರದಿಂದ ನಿಂಬೆ ಗಾತ್ರದವರೆಗಿನ ಹೆಂಟೆ ಉಳಿದರೆ ಸಾಕು.

ಅಡಿಕೆ ತೋಟದಲ್ಲಿ 2.7 ಮೀಟರ್ ಅಂತರದ ಸಾಲುಗಳ ನಡುವೆ ಲೋ 1 ಅಥವಾ ಲೋ 2 ಸರಿ. ಆದರೆ ಅಲ್ಲಿ ನಿಧಾನಕ್ಕಿಂತ ಆಳದ ಕಡೆಗೇ ಗಮನ ಹೆಚ್ಚಿರಲಿ. ಅಡಿಕೆಯ ಆಹಾರ ಹೀರುವ ಬೇರು ಮೇಲ್ಪದರದಲ್ಲೇ ಹರಡಿರುತ್ತದೆ. ಗೇರು ಇಳಿಸಿದಾಗ ರೋಟವೇಟರು ಇನ್ನೂ ಆಳಕ್ಕೆ ಕೂರುತ್ತದೆ, ಬೇರು ಕತ್ತರಿಸುತ್ತದೆ. ಪಕ್ಕದ ಸ್ಕಿಡ್ ಪಟ್ಟಿಯನ್ನು ಮೊದಲೇ ಹೊಂದಿಸಿ ಆಳ ಕಟ್ಟಿಬಿಡಿ, ಆಮೇಲೆ ಗೇರು ಆರಿಸಿ. ಬುಡಕ್ಕೆ ತಾಗುವಷ್ಟು ಹತ್ತಿರ ಹೋಗಲೇಬೇಡಿ.

ಪಿಟಿಒಗೆ ಎರಡು ವೇಗವಿರುವ ಮಿನಿ ಟ್ರ್ಯಾಕ್ಟರುಗಳೂ ಇವೆ. ರೋಟವೇಟರ್ ಕಟ್ಟುವ ಮುಂಚೆ ಆ ಲಿವರ್ ಯಾವ ಸ್ಥಾನದಲ್ಲಿದೆ ಎಂದು ನೋಡಿ. ಜೋರಿನ ಸ್ಥಾನದಲ್ಲಿ ಪೂರ್ಣ ರೇಸ್ ಕೊಟ್ಟರೆ ಕ್ರಾಸ್ ಬೇರಿಂಗ್ ಮತ್ತು ರೋಟವೇಟರಿನ ಗೇರ್‌ಬಾಕ್ಸ್ ತಾಳುವುದಿಲ್ಲ.

ಕ್ಲಚ್ಚಿನ ವಿಷಯ ಇಲ್ಲೇ ಹೇಳಬೇಕು, ಯಾಕೆಂದರೆ ಗೇರು ತಪ್ಪಿದಾಗ ಮೊದಲು ಸುಡುವುದು ಅದೇ. ಸಣ್ಣ ಟ್ರ್ಯಾಕ್ಟರುಗಳಲ್ಲಿ ಸಿಂಗಲ್ ಕ್ಲಚ್ ಸಾಮಾನ್ಯ. ಕಾಲಿಟ್ಟರೆ ಚಕ್ರದ ಜೊತೆ ಪಿಟಿಒ ಕೂಡ ನಿಲ್ಲುತ್ತದೆ. ಹೆಚ್ಚಿನ ಗೇರಿನಲ್ಲಿ ಹೊರಟು, ಎಂಜಿನ್ ಕುಗ್ಗಿದಾಗಲೆಲ್ಲ ಅರ್ಧ ಕ್ಲಚ್ ಒತ್ತಿ ಹಿಡಿಯುವ ಅಭ್ಯಾಸ ಕೆಲವರಿಗಿದೆ. ಪ್ಲೇಟು ಒಂದೇ ಹಂಗಾಮಿನಲ್ಲಿ ಮುಗಿಯಲು ಅಷ್ಟು ಸಾಕು. ಸುಟ್ಟ ವಾಸನೆ ಬಂತೆಂದರೆ ಆಗಲೇ ನಿಲ್ಲಿಸಿ, ರೋಟವೇಟರ್ ಎತ್ತಿ, ಒಂದು ಗೇರು ಕೆಳಗೆ ಹಾಕಿ ಮತ್ತೆ ಹೊರಡಿ. ನೆಲದಲ್ಲಿ ಕೂತ ರೋಟವೇಟರನ್ನು ಹಾಗೇ ಶುರು ಮಾಡಬೇಡಿ. ಮೊದಲು ಎತ್ತಿ, ತಿರುಗಿಸಿ, ಮುಂದೆ ಹೊರಡುತ್ತಾ ಇಳಿಸಿ.

ಇನ್ನೊಂದು ಅಪಾಯ ಹಲವರಿಗೆ ಗೊತ್ತಿಲ್ಲ. ಗೇರ್‌ಬಾಕ್ಸಿನ ಮೂಲಕ ಪಿಟಿಒ ತಿರುಗುವ ಸಿಂಗಲ್ ಕ್ಲಚ್ ಟ್ರ್ಯಾಕ್ಟರಿಗೆ ಹುಲ್ಲು ಕತ್ತರಿಸುವ ಭಾರದ ಸ್ಲ್ಯಾಶರ್ ಕಟ್ಟಿದ್ದರೆ, ಕ್ಲಚ್ ಒತ್ತಿದ ಮೇಲೂ ಬ್ಲೇಡಿನ ಓಟವೇ ಟ್ರ್ಯಾಕ್ಟರನ್ನು ಒಂದೆರಡು ಮೀಟರ್ ಮುಂದಕ್ಕೆ ತಳ್ಳಬಹುದು. ಗೋಡೆ, ಬಾವಿಯ ಅಂಚು ಹತ್ತಿರವಿದ್ದಾಗ ಇದು ಜೀವಕ್ಕೇ ಕುತ್ತು. ಒಂದೇ ದಿಕ್ಕಿಗೆ ಬಲ ಸಾಗಿಸುವ ಓವರ್‌ರನ್ನಿಂಗ್ ಕಪ್ಲರನ್ನು ಪಿಟಿಒ ಶಾಫ್ಟಿಗೆ ಹಾಕಿಸಿದರೆ ಈ ತಳ್ಳಾಟ ನಿಲ್ಲುತ್ತದೆ. ಅದಿಲ್ಲದಿದ್ದರೆ ಇಂಥ ಕೆಲಸವನ್ನು ಲೋ ಬಿಟ್ಟು ಮಾಡಬೇಡಿ.

ಔಷಧಿ ಸಿಂಪಡಣೆ

ವಿಜಯಪುರದ ದ್ರಾಕ್ಷಿ, ಬಾಗಲಕೋಟೆಯ ದಾಳಿಂಬೆ ತೋಟಗಳಲ್ಲಿ ಮಿನಿ ಟ್ರ್ಯಾಕ್ಟರಿನ ಮುಖ್ಯ ಕೆಲಸವೇ ಇದು. ಇಲ್ಲಿ ಗೇರು ತಪ್ಪಿದರೆ ಕಣ್ಣಿಗೆ ಕಾಣುವುದಿಲ್ಲ. ಹತ್ತು ದಿನ ಕಳೆದು ರೋಗ ಕಾಣಿಸಿಕೊಂಡಾಗ ಗೊತ್ತಾಗುತ್ತದೆ.

ಲೆಕ್ಕ ಹೀಗೆ: ಎಲ್ಲ ನಾಜಲ್ ಸೇರಿ ನಿಮಿಷಕ್ಕೆ ಬರುವ ಲೀಟರನ್ನು 600ರಿಂದ ಗುಣಿಸಿ, ವೇಗ ಮತ್ತು ಸಾಲಿನ ಅಂತರದ ಗುಣಲಬ್ಧದಿಂದ ಭಾಗಿಸಿದರೆ ಹೆಕ್ಟೇರಿಗೆ ಎಷ್ಟು ಲೀಟರ್ ಎಂದು ಸಿಗುತ್ತದೆ. ನಿಮಿಷಕ್ಕೆ 22 ಲೀಟರ್, ಸಾಲಿನ ಅಂತರ 2.7 ಮೀಟರ್, ವೇಗ 3 ಕಿ.ಮೀ. ಆದರೆ ಹೆಕ್ಟೇರಿಗೆ ಸುಮಾರು 1630 ಲೀಟರ್, ಅಂದರೆ ಎಕರೆಗೆ 660. ಅದೇ ಸೆಟ್ಟಿಂಗಿನಲ್ಲಿ ಗೇರು ಏರಿಸಿ 4 ಕಿ.ಮೀ. ಓಡಿಸಿದರೆ ಎಕರೆಗೆ 495 ಲೀಟರ್. ಔಷಧಿಯನ್ನು ಲೀಟರಿಗೆ ಇಷ್ಟು ಗ್ರಾಂ ಎಂದು ಬೆರೆಸಿರುತ್ತೀರಿ. ಹಾಗಾಗಿ ಬೆಳೆಗೆ ಬಿದ್ದ ಔಷಧಿಯೇ ಕಾಲು ಭಾಗ ಕಡಿಮೆಯಾಯಿತು. ಜೊತೆಗೆ ಸ್ಪ್ರೇಯರಿನ ಫ್ಯಾನಿನ ಗಾಳಿ ಎಲೆಗಳ ಒಳಗೆ ನುಗ್ಗಲು ಸಮಯವೂ ಸಿಗುವುದಿಲ್ಲ.

ಎಲೆ ದಟ್ಟವಾಗಿರುವಾಗ 2.5ರಿಂದ 3 ಕಿ.ಮೀ., ಚಾಟನಿ (ಬಳ್ಳಿ ಸವರುವುದು) ಆದ ಹೊಸದರಲ್ಲಿ ಎಲೆ ಕಡಿಮೆಯಿರುವಾಗ 4 ಕಿ.ಮೀ.ವರೆಗೂ ಹೋಗಬಹುದು. ಯಾವುದೇ ಆಗಲಿ, ಒಂದು ತೋಟವನ್ನು ಒಂದೇ ಗೇರು, ಒಂದೇ ಆರ್‌ಪಿಎಂನಲ್ಲಿ ಮುಗಿಸಿ. ಟ್ಯಾಂಕು ಖಾಲಿಯಾಗುತ್ತಾ ಹಗುರಾದಾಗ ಜೋರು ಹೋಗುವ ಆಸೆ ಬರುತ್ತದೆ, ಅದಕ್ಕೆ ಬೀಳಬೇಡಿ.

ಎಳೆಯುವ ಕೆಲಸ

ಕಲ್ಟಿವೇಟರಿಗೆ 4ರಿಂದ 6 ಕಿ.ಮೀ., ಪಲ್ಟಿ ನೇಗಿಲಿಗೆ ಮೂರೂವರೆಯಿಂದ 5, ಬಿತ್ತುವ ಕೂರಿಗೆಗೆ 3ರಿಂದ 5 ಕಿ.ಮೀ. ಬಿತ್ತನೆಯಲ್ಲಿ ಇದಕ್ಕಿಂತ ಜೋರಾದರೆ ಬೀಜ ಪುಟಿದು ಅಂತರ ಕೆಡುತ್ತದೆ. ಎಡೆ ಹೊಡೆಯುವಾಗ ಬೆಳೆ ಸಣ್ಣದಿದ್ದರೆ 2ರಿಂದ 3, ಇಲ್ಲದಿದ್ದರೆ ಮಣ್ಣು ಸಿಡಿದು ಸಸಿ ಮುಚ್ಚುತ್ತದೆ.

ನಿಮಗೆ ಸರಿ ಎನಿಸುವ ಗೇರಿಗಿಂತ ಒಂದು ಕೆಳಗಿನದರಲ್ಲಿ ಶುರು ಮಾಡಿ. ಉಪಕರಣವನ್ನು ಬೇಕಾದ ಆಳಕ್ಕೆ ಇಳಿಸಿ. ಎಕ್ಸಲರೇಟರನ್ನು ಮುಕ್ಕಾಲಿಗೆ ಇಟ್ಟು ಓಡುತ್ತಿರುವಾಗ ಒಮ್ಮೆಲೇ ಸ್ವಲ್ಪ ಹೆಚ್ಚಿಸಿ ನೋಡಿ. ಎಂಜಿನ್ ತಟ್ಟನೆ ಏರಿದರೆ ಇನ್ನೂ ಶಕ್ತಿ ಉಳಿದಿದೆ, ಒಂದು ಗೇರು ಮೇಲೆ ಹಾಕಿ ರೇಸ್ ಇಳಿಸಬಹುದು, ಡೀಸೆಲ್ ಉಳಿಯುತ್ತದೆ. ಏರದೆ ಒರಲಿದರೆ, ಕಪ್ಪು ಹೊಗೆ ಎಡೆಬಿಡದೆ ಬಂದರೆ, ಅಥವಾ ಪೂರ್ಣ ರೇಸಿನಲ್ಲಿ ಭಾರ ಬಿದ್ದ ಕೂಡಲೇ ಆರ್‌ಪಿಎಂ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಸಿದರೆ ಗೇರು ಇಳಿಸಿ. ಗೇರು ಏರಿಸಿ ರೇಸ್ ಇಳಿಸುವ ಈ ಉಪಾಯ ಎಳೆಯುವ ಹಗುರ ಕೆಲಸಕ್ಕೆ ಮಾತ್ರ. ಪಿಟಿಒ ತಿರುಗುತ್ತಿರುವಾಗ ಮಾಡಬಾರದು.

ಗೇರು ಇಳಿಸಿದ ಮೇಲೂ ಕೆಲಸ ಸಾಗುತ್ತಿಲ್ಲವೆಂದರೆ ತೊಂದರೆ ಹಿಡಿತದ್ದು. ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ, ಉಪಕರಣ ಎತ್ತಿಕೊಂಡು ಚಕ್ರ ಹತ್ತು ಸುತ್ತು ತಿರುಗುವಷ್ಟು ಹೋಗಿ ದೂರ ಅಳೆಯಿರಿ. ಅದೇ ನೆಲದಲ್ಲಿ ಉಪಕರಣ ಇಳಿಸಿ ಮತ್ತೆ ಹತ್ತು ಸುತ್ತು. ಮೊದಲು 28 ಮೀಟರ್, ಆಮೇಲೆ 24 ಬಂದರೆ ನಾಲ್ಕು ಮೀಟರ್ ಜಾರಿದೆ, ಅಂದರೆ ಶೇ 14. ಶೇ 10ರಿಂದ 15 ಇದ್ದರೆ ಸರಿಯಾಗಿದೆ. 20 ದಾಟಿದರೆ ಇನ್ನೂ ಕೆಳಗಿನ ಗೇರಿನಿಂದ ಏನೂ ಆಗದು. ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ಲಿವರ್) ಹಾಕಿ, ಚಕ್ರಕ್ಕೆ ತೂಕ ಕಟ್ಟಿ, ಇಲ್ಲವೇ ಕಲ್ಟಿವೇಟರಿನ ಎರಡು ಗುಳ ಬಿಚ್ಚಿ, ಆಳ ಕಡಿಮೆ ಮಾಡಿ. ಎರೆಭೂಮಿಯಲ್ಲಿ ಹದ ಮೀರಿ ಒದ್ದೆಯಿದ್ದರೆ ಎರಡು ದಿನ ಕಾಯುವುದೇ ಮೇಲು. ಜಾರುವ ಟೈರು ಅಲ್ಲಿ ಮಣ್ಣನ್ನು ಉಜ್ಜಿ ಗಟ್ಟಿ ಪದರ ಮಾಡಿಬಿಡುತ್ತದೆ. ಹಗುರವಾದ ಮಿನಿ ಟ್ರ್ಯಾಕ್ಟರಿಗೆ ದೊಡ್ಡ ಉಪಕರಣವನ್ನು ನಿಧಾನ ಎಳೆಸುವುದಕ್ಕಿಂತ ಸಣ್ಣ ಉಪಕರಣವನ್ನು ಬೇಗ ಎಳೆಸುವುದು ಯಾವಾಗಲೂ ಲಾಭ.

ಗದ್ದೆಯಲ್ಲಿ ಕೆಸರು ಹೊಡೆಯುವಾಗ ಲೋ 2 ಅಥವಾ ಲೋ 3. ಹೂತುಹೋದರೆ ಲೋ 1 ಹಾಕಿ ರೇಸ್ ಕೊಡುವುದು ಅತ್ಯಂತ ಅಪಾಯದ ಕೆಲಸ. ಹಿಂದಿನ ಚಕ್ರ ಸಿಕ್ಕಿಕೊಂಡಾಗ ಆ ಬಲ ಮುಂಭಾಗವನ್ನೇ ಎತ್ತಿ ಟ್ರ್ಯಾಕ್ಟರನ್ನು ಹಿಂದಕ್ಕೆ ಮಗುಚುತ್ತದೆ. ಚಕ್ರಕ್ಕೆ ಕಟ್ಟಿಗೆ ಕಟ್ಟಿದರಂತೂ ಕ್ಷಣದಲ್ಲಿ. ಉಪಕರಣ ಎತ್ತಿ, ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್ ಹಾಕಿ, ಲೋ ರಿವರ್ಸಿನಲ್ಲಿ ಬಂದ ದಾರಿಯಲ್ಲೇ ಹಿಂದೆ ಬನ್ನಿ. ಆಗದಿದ್ದರೆ ಇನ್ನೊಂದು ಟ್ರ್ಯಾಕ್ಟರ್ ಕರೆಸಿ.

ಇಳಿಜಾರು ಮತ್ತು ರಸ್ತೆ

ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ, ಮಲೆನಾಡಿನ ಅಡಿಕೆ ತೋಟದ ದಾರಿಗಳಲ್ಲಿ ಗೇರು ಆರಿಸುವುದು ಇಳಿಯುವ ಮುಂಚೆ, ಮೇಲೆಯೇ. ನಡುವೆ ಬದಲಿಸಲು ಹೋದರೆ ಗೇರು ಬೀಳದೆ ನ್ಯೂಟ್ರಲ್ಲಿನಲ್ಲಿ ಉಳಿಯಬಹುದು, ಆಗ ತುಂಬಿದ ಟ್ರೇಲರ್ ಹಿಂದಿನಿಂದ ತಳ್ಳುತ್ತದೆ. ಅದೇ ಭಾರ ಹೊತ್ತು ಆ ಏರನ್ನು ಹತ್ತಲು ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿಯಿರಿ. ಕಡಿದಾದ ದಾರಿಗೆ ಅದು ಲೋ ರೇಂಜೇ ಆಗಿರುತ್ತದೆ. ಇಳಿಯುವಾಗ ಎಂಜಿನ್ ಕೆಂಪು ಗುರುತಿನ ಕಡೆಗೆ ಏರುತ್ತಿದ್ದರೆ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಿ, ಕ್ಲಚ್ ಮುಟ್ಟಬೇಡಿ. ಎರಡೂ ಬ್ರೇಕ್ ಪೆಡಲುಗಳ ಕೊಂಡಿ ಹಾಕಿರಲೇಬೇಕು, ಇಲ್ಲದಿದ್ದರೆ ಒಂದೇ ಚಕ್ರ ಹಿಡಿದು ಟ್ರ್ಯಾಕ್ಟರು ಪಕ್ಕಕ್ಕೆ ತಿರುಗುತ್ತದೆ.

ಇಳಿಜಾರಿನಲ್ಲಿ ಫೋರ್ ವೀಲ್ ಹಾಕಿಕೊಳ್ಳುವುದಕ್ಕೆ ಒಂದು ಗಟ್ಟಿ ಕಾರಣವಿದೆ. ಸಾಮಾನ್ಯವಾಗಿ ಬ್ರೇಕು ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಫೋರ್ ವೀಲ್ ಹಾಕಿದಾಗ ಮುಂದಿನ ಚಕ್ರಗಳೂ ತಡೆಹಿಡಿಯುತ್ತವೆ. ಡಾಂಬರು ರಸ್ತೆಗೆ ಬಂದ ಮೇಲೆ ತೆಗೆಯಿರಿ. ಮುಂದಿನ ಚಕ್ರ ಹಿಂದಿನದಕ್ಕಿಂತ ತುಸು ಬೇಗ ತಿರುಗುವಂತೆ ಮಾಡಿರುವುದರಿಂದ ಗಟ್ಟಿ ನೆಲದಲ್ಲಿ ಟೈರು ಸವೆಯುತ್ತದೆ, ಮುಂದಿನ ಆಕ್ಸಲ್ ಬಿಗಿಯುತ್ತದೆ.

ಏರು ಹತ್ತುವಾಗ ಲೋ 1ರಲ್ಲಿ ಕ್ಲಚ್ಚನ್ನು ತಟ್ಟನೆ ಬಿಟ್ಟರೆ ಮುಂದಿನ ಚಕ್ರ ಎದ್ದೀತು. ಲೋ 2ರಲ್ಲಿ ಹೊರಡಲು ಆಗುವುದಾದರೆ ಅದೇ ವಾಸಿ. ಸಮತಟ್ಟು ರಸ್ತೆಯಲ್ಲಿ ಹೈ ಸರಿ, ಆದರೆ ತುಂಬಿದ ಟ್ರೇಲರಿಗೆ ಹೈ 3ಕ್ಕೆ ನಿಲ್ಲಿಸಿ. ಉಪಕರಣ ಜೋಡಿಸಲು ಹಿಂದೆ ಬರುವಾಗ ಲೋ ರಿವರ್ಸ್ ಮಾತ್ರ, ಯಾಕೆಂದರೆ ಚಕ್ರ ಮತ್ತು ಉಪಕರಣದ ನಡುವೆ ಆಗ ಇನ್ನೊಬ್ಬ ಮನುಷ್ಯ ನಿಂತಿರುತ್ತಾನೆ.

ಲಿವರ್ ಬದಲಿಸುವ ಕ್ರಮ

ಹೈ–ಲೋ ಬದಲಿಸಬೇಕಾದರೆ ಟ್ರ್ಯಾಕ್ಟರು ಪೂರ್ತಿ ನಿಂತಿರಬೇಕು. ಈ ರೇಂಜಿನ ಗೇರುಗಳಿಗೆ ಸಾಮಾನ್ಯವಾಗಿ ಸಿಂಕ್ರೊ (ಎರಡು ಗೇರಿನ ವೇಗ ಹೊಂದಿಸುವ ಭಾಗ) ಇರುವುದಿಲ್ಲ, ಓಡುತ್ತಿರುವಾಗ ತಳ್ಳಿದರೆ ಹಲ್ಲಿಗೆ ಹಲ್ಲು ಉಜ್ಜುತ್ತದೆ. ಕ್ಲಚ್ ಪೂರ್ತಿ ಒತ್ತಿ, ಒಂದೆರಡು ಸೆಕೆಂಡ್ ಬಿಟ್ಟು ಲಿವರ್ ಸರಿಸಿ. ಬೀಳದಿದ್ದರೆ ಒದೆಯಬೇಡಿ. ಮುಖ್ಯ ಲಿವರ್ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಒಮ್ಮೆ ಬಿಟ್ಟು ಮತ್ತೆ ಒತ್ತಿದರೆ ಒಳಗಿನ ಹಲ್ಲು ತುಸು ತಿರುಗಿ ದಾರಿ ಕೊಡುತ್ತದೆ. ಪ್ರತಿ ಸಲವೂ ಗರಗರ ಸದ್ದು ಬಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪೆಡಲಿನ ಆಟ (ಕ್ಲಚ್ ಹಿಡಿಯುವ ಮುಂಚಿನ ಖಾಲಿ ಚಲನೆ) ಕೈಪಿಡಿಯಲ್ಲಿ ಹೇಳಿದಷ್ಟಿದೆಯೇ ಅಳೆದು ಹೊಂದಿಸಿ.

ಹೊಸ ಟ್ರ್ಯಾಕ್ಟರ್ ನೋಡುವವರು ಒಟ್ಟು ಎಷ್ಟು ಗೇರು ಎಂದು ಕೇಳುವುದಕ್ಕಿಂತ 2ರಿಂದ 6 ಕಿ.ಮೀ. ನಡುವೆ ಎಷ್ಟು ಗೇರು ಇವೆ ಎಂದು ಕೇಳಿ. ಹೊಲದ ಕೆಲಸವೆಲ್ಲ ಆ ನಡುವೆಯೇ ಇರುವುದು. ಅಲ್ಲಿ ನಾಲ್ಕು ಗೇರು ಇರುವ 8 ಗೇರಿನ ಟ್ರ್ಯಾಕ್ಟರು, ಅಲ್ಲಿ ಎರಡೇ ಇರುವ 12 ಗೇರಿನದಕ್ಕಿಂತ ಉಪಯೋಗಕ್ಕೆ ಬರುತ್ತದೆ.

ಹಳೆಯದನ್ನು ಕೊಳ್ಳುವವರು ತುಂಬಿದ ಟ್ರೇಲರ್ ಕಟ್ಟಿ ಸಣ್ಣ ಇಳಿಜಾರಿನಲ್ಲಿ ಲೋ 2ರಲ್ಲಿ ರೇಸ್ ಬಿಟ್ಟು ಇಳಿದು ನೋಡಬೇಕು. ಕಾಲು ಬ್ರೇಕಿನ ಮೇಲೇ ಸಿದ್ಧವಾಗಿರಲಿ, ಇಳಿಜಾರಿನ ಕೊನೆಗೆ ಸಮತಟ್ಟು ಜಾಗವಿರಲಿ. ಲಿವರ್ ತಾನಾಗಿ ಜಿಗಿದು ನ್ಯೂಟ್ರಲ್ಲಿಗೆ ಬಂದರೆ ಲಾಕ್ ಸ್ಪ್ರಿಂಗು ಸೋತಿದೆ, ಇಲ್ಲವೇ ಗೇರು ಸರಿಸುವ ಫೋರ್ಕು ಬಾಗಿದೆ, ಇಲ್ಲವೇ ಗೇರಿನ ಹಲ್ಲಿನ ಅಂಚು ಸವೆದು ದುಂಡಗಾಗಿದೆ. ಸ್ಪ್ರಿಂಗು ಮತ್ತು ಗುಂಡು ಬದಲಿಸುವುದು ಸಣ್ಣ ಖರ್ಚು, ಹಲ್ಲು ಸವೆದಿದ್ದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ, ಮತ್ತು ರಿಪೇರಿ ಆಗುವವರೆಗೆ ಲಿವರನ್ನು ಕೈಯಲ್ಲಿ ಹಿಡಿದುಕೊಂಡು ಇಳಿಜಾರಿಗೆ ಒಯ್ಯಬೇಡಿ.